ಎಲೆಯ ಕೆಳಗಿನ ಕಾಯಿ

ಬೆಸೆಂಟ್ ನಗರ, ಚೆನ್ನೈ
13 ಅಕ್ಟೋಬರ್ 2024, ಭಾನುವಾರ

ದೊಡ್ಡಮ್ಮಾ,

ಈ ಕಾಗದ ನಿನಗೆ ಕಳಿಸುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಾಳೆ ಇನ್ನೊಂದು ಬರೆಯುತ್ತೇನೆ. ಅದರಲ್ಲಿ ಸುಳ್ಳಿರುತ್ತದೆ. ಅದಕ್ಕೆ ಮುಂಚೆ ನಿಜವನ್ನು ಒಂದು ಸಲ ಬರೆದಿಡುತ್ತೇನೆ.

ಅನು ಅಕ್ಕ ಇಲ್ಲೇ ಇದ್ದಾಳೆ, ಎಣ್ಣೂರಿನಲ್ಲಿ. ನಾಲ್ಕು ವರ್ಷದಿಂದ ನೀನು ಮಗಳ ಹೆಸರೆತ್ತಿಲ್ಲ. ನಮ್ಮೂರಿಗೆ ಬೋರ್‌ವೆಲ್ ಲಾರಿಯಲ್ಲಿ ಬಂದಿದ್ದ ದಿನೇಶ್ ಜೊತೆ ಅವಳು ಹೊರಟ ದಿನ, ಇನ್ನು ನೀನು ನನ್ನ ಮಗಳಲ್ಲ ಎಂದು ಬಾಗಿಲು ಹಾಕಿಕೊಂಡೆ. ದಿನೇಶ್ ಭಾವ ಈಗ ಬಂದರಿನಲ್ಲಿ ಟ್ರೈಲರ್ ಓಡಿಸುತ್ತಾರೆ. ಹೋದರೆ ವಾರಗಟ್ಟಲೆ ಬರುವುದಿಲ್ಲ. ಹೋದ ವರ್ಷ ಅಕ್ಕನೇ ನನ್ನನ್ನು ಹುಡುಕಿಕೊಂಡು ಬಂದಳು. ಅಂದಿನಿಂದ ರಜೆ ಸಿಕ್ಕ ಭಾನುವಾರ ನಾನು ಅಲ್ಲಿಗೆ ಹೋಗುತ್ತೇನೆ. ನಿನಗೆ ಹೇಳಲಿಲ್ಲ.

ಅಕ್ಕನಿಗೆ ಈಗ ಏಳು ತಿಂಗಳು. ಇವತ್ತು ಹೋದಾಗ ಬಾಗಿಲು ತೆಗೆದವಳ ಕಣ್ಣು ನೋಡಿದೆ. ಬಿಳಿ ಇರಬೇಕಾದಲ್ಲೆಲ್ಲ ಅರಿಸಿನ. ಮಳೆ ಶುರುವಾದ ಮೇಲೆ ಅವರ ಬೀದಿಯ ನಲ್ಲಿ ನೀರು ವಾಸನೆ ಬರುತ್ತಿದೆ. ನಾಲ್ಕು ಮನೆಯಲ್ಲಿ ಕಾಮಾಲೆಯಂತೆ. ನರ್ಸಮ್ಮ ಬಂದು ದೊಡ್ಡಾಸ್ಪತ್ರೆಗೆ ಹೋಗಿ ರಕ್ತ ಕೊಡು ಎಂದು ಚೀಟಿ ಬರೆದುಕೊಟ್ಟಿದ್ದಾರೆ. ಅಕ್ಕ ಹೋಗುವುದಿಲ್ಲ. ಪಕ್ಕದ ಮನೆಯ ಹೆಂಗಸು ಹೋದವಳು ತಿರುಗಿ ಬರಲಿಲ್ಲವಂತೆ.

"ನಂಗೆ ಅವ್ವನ ಮದ್ದು ತರಿಸ್ಕೊಡು ಪಾವನಾ" ಎಂದಳು.

"ಹಂಗಾದ್ರೆ ದೊಡ್ಡಮ್ಮಂಗೆ ಹೇಳ್ತೀನಿ."

"ಮದ್ದು ಬೇಕು ಅಂದೆ. ಅವ್ವ ಬೇಕು ಅಂದ್ನಾ? ನಾನಿಲ್ಲಿದೀನಿ ಅಂತ ಅವಳಿಗೆ ಗೊತ್ತಾದ್ರೆ ನೀನು ಈ ಮನೆ ಮೆಟ್ಲು ಹತ್ತಬ್ಯಾಡ."

"ನೀನು ಅವಳ ಮಗಳು. ಯಾವ ಸೊಪ್ಪು ಅಂತ ನಿಂಗೇ ಗೊತ್ತಿಲ್ವಾ?"

ಅಕ್ಕ ನಕ್ಕಳು. "ಹೆಣ್ಮಕ್ಕಳು ಬ್ಯಾರೆ ಮನೆಗೆ ಹೋಗೋವು, ಅವಕ್ಕೆ ಹೇಳ್ಬಾರ್ದಂತೆ. ಸೊಸೆಗೆ ಹೇಳ್ತಾಳಂತೆ. ಸೊಸೆ ತರಕ್ಕೆ ಮಗನ್ನೇ ಹೆತ್ತಿಲ್ಲ, ನಿಮ್ಮ ದೊಡ್ಡಮ್ಮ!"

ಅದು ನಿಜ. ನಿನ್ನ ಮನೆಯಲ್ಲಿ ಬೆಳೆದರೂ ನಾನು ಕಂಡದ್ದು ಎಲೆಯಲ್ಲಿ ಸುತ್ತಿದ ಹಸಿರು ಉಂಡೆ ಮಾತ್ರ. ಸೂರ್ಯ ಹುಟ್ಟುವ ಮುಂಚೆ ಕಿತ್ತು, ಒಳಮನೆಯ ಬಾಗಿಲು ಹಾಕಿಕೊಂಡು ಅರೆಯುತ್ತಿದ್ದೆ. ಹೆಸರು ಹೇಳಿದರೆ ಮದ್ದು ಹಿಡಿಯುವುದಿಲ್ಲ ಎನ್ನುತ್ತಿದ್ದೆ.

ಈ ಕಾಗದವನ್ನು ನನ್ನ ಟ್ರಂಕಿನಲ್ಲಿ ಸೀರೆಯ ಕೆಳಗೆ ಇಡುತ್ತೇನೆ.

ಪಾವನಾ


ಬೆಸೆಂಟ್ ನಗರ, ಚೆನ್ನೈ
14 ಅಕ್ಟೋಬರ್ 2024

ಹಲಸಿನಕೊಪ್ಪಲಿನ ದೊಡ್ಡಮ್ಮ ನಾಗರತ್ನಮ್ಮನಿಗೆ ಪಾವನಾಳ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಒಂದು ಕೆಲಸಕ್ಕಾಗಿ ಬರೆಯುತ್ತಿದ್ದೇನೆ. ನಾನು ಅಡುಗೆಗೆ ಇರುವ ಈ ಮನೆಯ ಸೊಸೆ ಸುಮೇಧಾ ಅಕ್ಕನಿಗೆ ಕಾಮಾಲೆ ಆಗಿದೆ. ಡಾಕ್ಟರು ಔಷಧಿ ಏನೂ ಇಲ್ಲ, ಮಲಗಿರಿ ಎಂದಿದ್ದಾರೆ. ಅತ್ತೆ ಜಯಲಕ್ಷ್ಮೀ ಅಮ್ಮನವರಿಗೆ ನಿನ್ನ ಮದ್ದಿನ ವಿಷಯ ನಾನೇ ಹೇಳಿದೆ. ಉಂಡೆ ಮಾಡಿ ಅಂಚೆಯಲ್ಲಿ ಕಳಿಸಿದರೆ ಕೆಡುತ್ತದೆ. ಅದಕ್ಕೆ ಯಾವ ಸೊಪ್ಪು ಎಂದು ತಿಳಿಸಿದರೆ ಇಲ್ಲೇ ಅರೆದು ಕೊಡುತ್ತೇನೆ.

ನೆಲನೆಲ್ಲಿ ಇರಬೇಕು ಎಂದು ನನ್ನ ಊಹೆ. ಎರಡು ಕಡ್ಡಿ ಇಟ್ಟಿದ್ದೇನೆ. ದಾರ ಕಟ್ಟಿದ್ದು ಮನೆಯ ಹಿಂದಿನ ಖಾಲಿ ಸೈಟಿನದು. ಇನ್ನೊಂದು ಮೈಲಾಪೂರಿನ ಸೊಪ್ಪಿನವಳು ಕೊಟ್ಟದ್ದು. "ಕೀಳಾನೆಲ್ಲಿ ದಾಮ್ಮಾ, ಕಾಮಾಲೈಕ್ಕು ಇದ್ ದಾನ್", ಕಾಮಾಲೆಗೆ ಇದೇ ಸೊಪ್ಪು ಎಂದು ಅವಳು ಬಸ್ ಸ್ಟಾಪಿನವರಿಗೆಲ್ಲ ಕೇಳುವ ಹಾಗೆ ಕೂಗಿದಳು. ಇಲ್ಲಿಯವರಿಗೆ ಇದು ಗುಟ್ಟೇ ಅಲ್ಲ ದೊಡ್ಡಮ್ಮ. ಆದರೆ ಅವಳ ಕಟ್ಟಿನಲ್ಲಿ ಮೂರು ತರಹದ ಗಿಡ ಇತ್ತು, ಮೂರಕ್ಕೂ ಅದೇ ಹೆಸರು.

ಊರಿನ ಸ್ಕೂಲ್ ಮೇಷ್ಟ್ರ ಕೈಯಲ್ಲಿ ಫೋನ್ ಮಾಡಿಸಬೇಡ. ಕೆಲಸದ ಹೊತ್ತಿನಲ್ಲಿ ಇವರು ನನ್ನ ಫೋನನ್ನು ಡ್ರಾಯರಿನಲ್ಲಿ ಇಡಿಸುತ್ತಾರೆ. ಕಿವಿ ಕೇಳದೆ ತುಟಿ ನೋಡಿ ಮಾತು ತಿಳಿಯುವ ನಿನಗೆ ಫೋನಿನಿಂದ ಏನು ಉಪಯೋಗ? ಬರೆದೇ ತಿಳಿಸು. ಬೇಗ ಬರಿ.

ಪಾವನಾ


ಹಲಸಿನಕೊಪ್ಪಲು, ಮಳವಳ್ಳಿ ತಾಲ್ಲೂಕು
19 ಅಕ್ಟೋಬರ್ 2024

ಪಾವನಾಗೆ,

ಕಾಗದದಲ್ಲಿ ಹೆಸರು ಬರೆದಿದ್ದೀಯಲ್ಲ, ಬುದ್ಧಿ ಇದೆಯಾ? ಆ ಸಾಲನ್ನು ಹರಿದು ಒಲೆಗೆ ಹಾಕಿದೆ. ಆ ಸೊಪ್ಪಿನವಳು ಬೇಕಾದರೆ ಕೂಗಿಕೊಳ್ಳಲಿ. ನಮ್ಮ ಮನೆಯಲ್ಲಿ ಹೇಳುವ ಪದ್ಧತಿ ಇಲ್ಲ.

ದಾರ ಕಟ್ಟಿದ ಕಡ್ಡಿ ಬಿಸಾಕು. ಕಾಂಡ ಕೆಂಪಗಿದೆ. ಕಾಯಿ ಕಡ್ಡಿಗೆ ಮೊಡವೆ ಹಾಗೆ ಅಂಟಿಕೊಂಡಿದೆ, ಮುಟ್ಟಿದರೆ ತರಿತರಿ. ಇದು ನಾನು ಕೊಡುವುದಲ್ಲ. ಇನ್ನೊಂದನ್ನು ಒದ್ದೆಯಲ್ಲೇ ಮಡಿಸಿ ಹಾಕಿದ್ದೀಯ. ಎಲೆಯೆಲ್ಲ ಕೊಳೆತು ಉದುರಿದೆ. ನಾಲಿಗೆಗೆ ಹಚ್ಚಿ ನೋಡಿದೆ, ಗೋಂದಿನ ರುಚಿ ಬಿಟ್ಟರೆ ಏನೂ ಇಲ್ಲ.

ಗುರುತು ಬರೆಯುತ್ತೇನೆ. ಒಂದು ಗೇಣು ಎತ್ತರ. ಕಾಂಡ ಹಸಿರು. ಸಂಜೆಯಾದರೆ ಎಲೆ ಮಡಚಿಕೊಳ್ಳುತ್ತದೆ. ಮೇಲಿನಿಂದ ನೋಡಿದರೆ ಕಾಯಿ ಕಾಣುವುದಿಲ್ಲ. ಎಲೆಕಡ್ಡಿಯನ್ನು ತಿರುಗಿಸಿ ಹಿಡಿ. ಎಲೆಯ ಕೆಳಗೆ ಸಾಲಾಗಿ ಸಾಸಿವೆಗಿಂತ ದಪ್ಪದ ನುಣ್ಣನೆ ಕಾಯಿ ಇರಬೇಕು, ಒಂದೊಂದಕ್ಕೂ ಚಿಕ್ಕ ತೊಟ್ಟಿರಬೇಕು. ಅಗಿದರೆ ಕಹಿ. ಅಂಥದ್ದು ಸಿಕ್ಕರೆ ಪೇಪರಿನಲ್ಲಿ ಎರಡು ದಿನ ಒತ್ತಿಟ್ಟು ಕಳಿಸು. ನಾನು ನೋಡಿ ಹೂಂ ಅಂದ ಮೇಲೆಯೇ ಅರೆಯಬೇಕು.

ಮುಖ ನೋಡದವರಿಗೆ ನಾನು ಮದ್ದು ಕೊಡುವುದಿಲ್ಲ. ಅವರ ಅನ್ನ ತಿನ್ನುತ್ತಿದ್ದೀಯ ಎಂದು ಒಪ್ಪಿದ್ದೇನೆ. ಮೂರು ಮಾತಿಗೆ ಉತ್ತರ ಬರಿ. ಉಚ್ಚೆ ಯಾವ ಬಣ್ಣ? ಹಗಲು ನಿದ್ದೆ ಮಾಡಿ ಇರುಳು ಎದ್ದಿರುತ್ತಾಳಾ, ಮಾತು ಸರಿಯಾಗಿ ಆಡುತ್ತಾಳಾ? ಹೊಟ್ಟೆಯಲ್ಲಿ ಮಗು ಇದೆಯಾ?

ಮಗು ಇದ್ದರೆ ನನ್ನ ಮದ್ದು ಬೇಡ. ಅಂದೇ ದೊಡ್ಡಾಸ್ಪತ್ರೆಗೆ ಸೇರಿಸಬೇಕು. ಮಾರನೆಯ ದಿನ ಅಲ್ಲ, ಅಂದೇ. ನಮ್ಮ ಅತ್ತೆ ಒಬ್ಬಳಿಗೆ ಕೊಟ್ಟು ಕಾದು ಕೂತಿದ್ದಳು. ಆರನೆಯ ದಿನ ತಾಯಿ ಮಗು ಎರಡನ್ನೂ ಮಣ್ಣು ಮಾಡಿದರು. ನಾನು ಆಗ ಹೊಸ ಸೊಸೆ.

ನೀನು ಸಣ್ಣಗಾಗಿದ್ದೀಯಾ? ಅವರು ರಾಗಿ ಮುಟ್ಟುವುದಿಲ್ಲವಂತೆ. ಚೆನ್ನೈ ದೊಡ್ಡ ಊರು. ಅಲ್ಲಿ ನಮ್ಮ ಕಡೆಯವರು ಯಾರಾದರೂ ಕಣ್ಣಿಗೆ ಬಿದ್ದರೆ ಬರಿ. ಸುಮ್ಮನೆ ಕೇಳಿದೆ.

ನಾಗರತ್ನಮ್ಮ


ಎಣ್ಣೂರು ಬಸ್ ನಿಲ್ದಾಣ
27 ಅಕ್ಟೋಬರ್ 2024, ಭಾನುವಾರ

ದೊಡ್ಡಮ್ಮಾ,

ಇದೂ ಟ್ರಂಕಿಗೆ ಹೋಗುವ ಕಾಗದ.

ನಿನ್ನ ಕಾಗದ ಗುರುವಾರ ಬಂತು. ನೀನು ಬರೆದ ಗುರುತು ಹಿಡಿದುಕೊಂಡು ಮೂರು ದಿನ ಹುಡುಕಿದೆ. ಸಮುದ್ರದ ಕಡೆಯ ಗಿಡಗಳು ಕುಳ್ಳಗೆ, ಎಲೆ ದಪ್ಪ. ನಿನ್ನೆ ಒಂದು ಹಳೆಯ ಮನೆಯ ಬಾವಿಕಟ್ಟೆಯ ಹತ್ತಿರ ಸಿಕ್ಕಿತು. ತಿರುಗಿಸಿ ಹಿಡಿದೆ. ಕಾಯಿಗಳು ಸಾಲಾಗಿ ಇದ್ದವು, ತೊಟ್ಟೂ ಇತ್ತು. ಸಂತೋಷದಲ್ಲಿ ಅಲ್ಲೇ ಕೂತುಬಿಟ್ಟೆ.

ನೀನು ನೋಡಿ ಹೂಂ ಅನ್ನುವವರೆಗೆ ಕಾಯಲಿಲ್ಲ. ಬೆಳಿಗ್ಗೆ ಮಿಕ್ಸಿಗೆ ಹಾಕಿದೆ. ಜಯಲಕ್ಷ್ಮೀ ಅಮ್ಮ ಬಂದು, "ಏನೇ ಇದು, ನನ್ನ ಮಿಕ್ಸೀಲಿ ಯಾವ ಪುಲ್ಲು ಅರೀತಿದೀಯ? ನಾಳೆ ಇಡ್ಲಿ ಪಚ್ಚೆಯಾಗಿ ಬರತ್ತೆ, ಪೋ!" ಎಂದರು. ತಲೆಗೆ ಹಚ್ಚಿಕೊಳ್ಳಲು ಎಂದೆ. ಸುಮೇಧಾ ಅಕ್ಕ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿ ಕೂತು ಕಾಫಿ ಕುಡಿಯುತ್ತಿದ್ದರು. ಅವರ ಮುಖ ನೋಡಲು ನನಗೆ ನಾಚಿಕೆಯಾಯಿತು.

ಅನು ಅಕ್ಕನಿಗೆ ನಿನ್ನ ಕಾಗದ ಪೂರ್ತಿ ಓದಿದೆ. ಹೊಟ್ಟೆಯಲ್ಲಿ ಮಗು ಇದ್ದರೆ ಎಂಬಲ್ಲಿ ನಿಲ್ಲಿಸಿ, "ಈಗಲೇ ಆಟೋ ಕರೀತೀನಿ, ನಡಿ" ಎಂದೆ.

"ಕೂತ್ಕೊ. ಇದು ನಿನ್ನ ಸುಮೇಧಾಗೆ ಬರ್ದಿರೋದು. ಪ್ಯಾಟೆಯೋರು, ಹೆಚ್ಚುಕಮ್ಮಿ ಆದ್ರೆ ಪೋಲೀಸು ಅಂತಾರೆ ಅಂತ ಅವ್ವ ಹೆದರಿಸ್ತವ್ಳೆ."

"ಅತ್ತೆ ಕೊಟ್ಟು ತಾಯಿ ಮಗು ಸತ್ತಿದ್ದು ಬರ್ದಿದಾಳಲ್ಲಕ್ಕ."

"ಅದು ಅಜ್ಜಿ ಕೈ. ಅವ್ವನ ಕೈ ಬ್ಯಾರೆ. ನಾನು ಕಣ್ಣಾರೆ ಕಂಡಿದೀನಿ ಕಣೇ. ಒಂಬತ್ತು ವರ್ಷದೋಳಿದ್ದಾಗ ನಂಗೂ ಕಾಮಾಲೆ ಆಗಿತ್ತು. ಒಳಮನೆ ಹೊಸ್ತಿಲಲ್ಲೇ ಮಲಗಿಸ್ಕೊಂಡಿದ್ಲು. ಕೆಳಗಲಕೇರಿ ಶಿವಮ್ಮ ಏಳು ತಿಂಗಳ ಹೊಟ್ಟೆ ಹೊತ್ಕೊಂಡು ಬಂದ್ಲು, ಕಣ್ಣೆಲ್ಲ ಹಳದಿ. ಅವ್ವ ಅರೆದು ಅವಳ ಕೈಗೆ ಉಂಡೆ ಇಟ್ಲು. ಶಿವಮ್ಮ ಯುಗಾದಿಗೆ ಗಂಡು ಮಗ ಎತ್ಕೊಂಡು ಬಂದು ಅವ್ವನ ಕಾಲಿಗೆ ಬಿದ್ಲು. ನೀನಾಗ ನಮ್ಮನೆಗೇ ಬಂದಿರಲಿಲ್ಲ."

ಅವಳು ನಿನ್ನ ಮಗಳು. ನನಗಿಂತ ಅವಳಿಗೆ ಗೊತ್ತು ಎಂದುಕೊಂಡೆ. ಉಂಡೆ ಕೊಟ್ಟೆ. ಐದು ದಿನಕ್ಕಾಗುವಷ್ಟು ಗಿಡ ಬುಡಸಮೇತ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಬಂದಿದ್ದೇನೆ. ಪಕ್ಕದವರ ಮಿಕ್ಸಿಯಲ್ಲಿ ತಾನೇ ಅರೆದುಕೊಳ್ಳುತ್ತಾಳಂತೆ.

ಬಸ್ಸು ಬಂತು.


ಬೆಸೆಂಟ್ ನಗರ, ಚೆನ್ನೈ
27 ಅಕ್ಟೋಬರ್ 2024

ದೊಡ್ಡಮ್ಮನಿಗೆ ನಮಸ್ಕಾರ.

ಒಂದು ರಾತ್ರಿ ಪೇಪರಿನಲ್ಲಿ ಒತ್ತಿಟ್ಟ ಕಡ್ಡಿ ಇಟ್ಟಿದ್ದೇನೆ, ನೋಡು. ನೀನು ಕೇಳಿದ್ದಕ್ಕೆ ಉತ್ತರ. ಉಚ್ಚೆ ಕಡು ಹಳದಿ. ಹಗಲು ಮಲಗುತ್ತಾರೆ, ಸುಸ್ತಿಗೆ ಇರಬಹುದು. ಮಾತು ಸರಿಯಾಗಿದೆ. ಬಸುರಿ ಅಲ್ಲ.

ಒಂದು ಕೇಳಬೇಕಿತ್ತು. ಹಿಂದೆ ಕೆಳಗಲಕೇರಿ ಶಿವಮ್ಮನಿಗೆ ಏಳು ತಿಂಗಳಿದ್ದಾಗ ನೀನೇ ಉಂಡೆ ಅರೆದು ಕೊಟ್ಟಿದ್ದೆ ಅಲ್ಲವಾ? ಅವಳಿಗೆ ಏನೂ ಆಗಲಿಲ್ಲ, ಮಗುವೂ ಚೆನ್ನಾಗಿತ್ತು. ಹಾಗಾದರೆ ಬಸುರಿಯರಿಗೂ ಕೊಡಬಹುದು ತಾನೆ? ಇಲ್ಲಿ ಯಾರಿಗೂ ಅಲ್ಲ. ತಿಳಿದುಕೊಳ್ಳೋಣ ಎಂದು.

ನಮ್ಮ ಕಡೆಯವರು ಯಾರೂ ಕಣ್ಣಿಗೆ ಬಿದ್ದಿಲ್ಲ.

ಪಾವನಾ


ಹಲಸಿನಕೊಪ್ಪಲು
4 ನವೆಂಬರ್ 2024, ಸೋಮವಾರ

ಪಾವನಾ,

ದೀಪಾವಳಿ ರಜೆಯಿಂದ ನಿನ್ನ ಕಾಗದ ಈಗ ಬಂತು. ಗಿಡ ಅದೇ. ಅದರ ಮಾತು ಬಿಡು.

ಶಿವಮ್ಮನಿಗೆ ಕೊಟ್ಟದ್ದು ಕರಿಬೇವು ಮತ್ತು ಜೀರಿಗೆ. ಮಜ್ಜಿಗೆಯಲ್ಲಿ ಅರೆದು ಉಂಡೆ ಮಾಡಿದೆ. ಮದ್ದಿಗೆಂದು ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಎಂದು ನಮ್ಮ ಅತ್ತೆ ಆಣೆ ಹಾಕಿಸಿಕೊಂಡಿದ್ದಳು. ಬಸುರಿಯರು ಬಂದರೆ ನಾನು ಕೊಡುವುದು ಅಷ್ಟೇ. ಏನೋ ಸಿಕ್ಕಿತು ಎಂಬ ಧೈರ್ಯಕ್ಕೆ. ಆಮೇಲೆ ಗಂಡನನ್ನು ಹಿತ್ತಿಲಿಗೆ ಕರೆದು ನಿಜ ಹೇಳಿ, ಅದೇ ಬಸ್ಸಿಗೆ ಮೈಸೂರಿಗೆ ಹತ್ತಿಸುತ್ತೇನೆ. ಶಿವಮ್ಮ ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದಳು. ಅವಳನ್ನು ಉಳಿಸಿದ್ದು ಅವರು.

ಅವಳ ಗಂಡನನ್ನು ಬಿಟ್ಟರೆ ಇದನ್ನು ನಾನು ಯಾರಿಗೂ ಹೇಳಿಲ್ಲ. ನೀನು ನನ್ನ ಮನೆಗೆ ಬಂದದ್ದು ನಿಮ್ಮಮ್ಮ ಹೋದ ಮೇಲೆ, ಶಿವಮ್ಮನದು ಆಗಿ ಎರಡು ವರ್ಷಕ್ಕೆ. ಅವತ್ತು ಒಳಮನೆಯಲ್ಲಿ ಇದ್ದವರು ನಾನು, ಶಿವಮ್ಮ, ಹೊಸ್ತಿಲಲ್ಲಿ ಮಲಗಿದ್ದ ಅನು.

ಮದ್ದು ಯಾರಿಗೆ ಪಾವನಾ?

ಅವಳಿಗೆ ಎಷ್ಟು ತಿಂಗಳು?

ಮೇಷ್ಟ್ರ ಕೈಯಲ್ಲಿ ನಾಲ್ಕು ಸಲ ಫೋನ್ ಮಾಡಿಸಿದೆ. ನೀನು ಎತ್ತಲಿಲ್ಲ. ಇದನ್ನು ಅವರೇ ಮಳವಳ್ಳಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡುತ್ತಾರೆ. ಕೈಗೆ ಸಿಕ್ಕ ಗಳಿಗೆ ಅವಳನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗು. ಬರುವುದಿಲ್ಲ ಎಂದರೆ ಹೊಡೆ. ಅವ್ವ ಹೊಡೆಯಲು ಹೇಳಿದ್ದಾಳೆ ಎನ್ನು. ಇನ್ನು ಒಂದು ಚೂರೂ ತಿನ್ನಿಸಬೇಡ.

ನಾನು ನಾಳೆ ಹೊರಡುತ್ತೇನೆ. ನಿನ್ನ ವಿಳಾಸದ ಕವರು ಕೈಯಲ್ಲಿ ಹಿಡಿದಿರುತ್ತೇನೆ, ಯಾರಾದರೂ ದಾರಿ ತೋರಿಸುತ್ತಾರೆ.

ಅವ್ವ


ಬೆಸೆಂಟ್ ನಗರ, ಚೆನ್ನೈ
17 ನವೆಂಬರ್ 2024

ದೊಡ್ಡಮ್ಮಾ,

ನಿನ್ನ ಸ್ಪೀಡ್ ಪೋಸ್ಟ್ ಒಂಬತ್ತನೆಯ ತಾರೀಖು ಬಂತು. ಅಕ್ಕನನ್ನು ಮಣ್ಣು ಮಾಡಿ ನೀನು ಊರಿಗೆ ಹೊರಟ ಮೇಲೆ. ಕೆಳಗೆ ನಾಗರತ್ನಮ್ಮ ಎಂದು ಬರೆಯುವ ಕಡೆ ಅವ್ವ ಎಂದು ಬರೆದಿದ್ದೀಯ. ಅದನ್ನು ಅಕ್ಕನಿಗೆ ತೋರಿಸಲು ಆಗಲಿಲ್ಲ.

ಆಸ್ಪತ್ರೆಯಲ್ಲಿ ಎರಡು ದಿನ ನೀನು ಅವಳ ಕೈ ಹಿಡಿದು ಉಗುರಿನ ಬಣ್ಣ ನೋಡುತ್ತಾ ಕೂತಿದ್ದೆ. ನನ್ನನ್ನು ಏನೂ ಕೇಳಲಿಲ್ಲ. ಸುತ್ತಲಿನವರು ಆಡುತ್ತಿದ್ದದ್ದು ತಮಿಳು. ತುಟಿ ನೋಡಿಯೂ ನಿನಗೆ ತಿಳಿಯುತ್ತಿರಲಿಲ್ಲ. ಬಸ್ ನಿಲ್ದಾಣದಲ್ಲಿ ನಾನು ಎದುರು ನಿಂತು ಎಲ್ಲ ಹೇಳಲು ಬಾಯಿ ತೆರೆದೆ. ನೀನು ನನ್ನ ತುಟಿಯಿಂದ ಕಣ್ಣು ತೆಗೆದು ನೆಲ ನೋಡಿದೆ. ಮತ್ತೆ ಮೇಲೆ ನೋಡಲೇ ಇಲ್ಲ. ಅದಕ್ಕೆ ಬರೆಯುತ್ತೇನೆ. ಓದದಿದ್ದರೂ ಸರಿ.

ಉಂಡೆ ತಿನ್ನಲು ಶುರುಮಾಡಿದ ಮೇಲೆ ಮೂರು ದಿನ ವಾಕರಿಕೆ ಕಡಿಮೆಯಾಯಿತಂತೆ. ಅಕ್ಕ ಫೋನ್ ಮಾಡಿ, "ನೋಡ್ದಾ, ಅವ್ವನ ಮದ್ದು!" ಎಂದಳು. ನಾನೂ ನಂಬಿದೆ. ದೀಪಾವಳಿಗೆ ಇಲ್ಲಿ ನೆಂಟರು, ರಜೆ ಕೇಳಲು ಬಾಯಿ ಬರಲಿಲ್ಲ. ಮೂರನೆಯ ತಾರೀಖು ಭಾನುವಾರ ಹೋದೆ. ದಿನೇಶ್ ಭಾವ ಅಂದೇ ಬಂದಿದ್ದರು. ಅಕ್ಕ ಗೋಡೆಯ ಕಡೆ ತಿರುಗಿ, ಯಾರೂ ಇಲ್ಲದಿದ್ದರೂ, "ಬಾಗ್ಲು ತೆಗಿ, ಬಾಗ್ಲು ತೆಗಿ" ಎನ್ನುತ್ತಿದ್ದಳು. ಮಾತು ಸರಿಯಾಗಿ ಆಡುತ್ತಾಳಾ ಎಂದು ನೀನು ಕೇಳಿದ್ದು ಆಗ ನೆನಪಾಯಿತು. ಭಾವ ಅವಳನ್ನು ಹೊತ್ತುಕೊಂಡು ಆಟೋಗೆ ಓಡಿದರು. ಮೇಷ್ಟ್ರ ಫೋನ್ ಬಂದಾಗ ನಾನು ವಾರ್ಡಿನ ಹೊರಗೆ ಇದ್ದೆ. ಎತ್ತಿದರೆ ನಿಜ ಹೇಳಬೇಕಲ್ಲ ಎಂದು ಕೈಯಲ್ಲೇ ಹಿಡಿದುಕೊಂಡು ನೋಡುತ್ತಾ ಕೂತೆ. ಅದು ಮಗು ಹೋದ ದಿನ. ಹೆಣ್ಣು ಮಗು. ನೀನು ಬರುವಷ್ಟರಲ್ಲಿ ಭಾವ ಮಣ್ಣು ಮಾಡಿ ಬಂದಿದ್ದರು.

ಡಾಕ್ಟರಮ್ಮ, "ನಾಟ್ಟು ಮರುಂದು ಕುಡುತ್ತೀಂಗಳಾ?" ಎಂದು ಕೇಳಿದರು. ಹೌದು, ನಾಟಿ ಮದ್ದು ಕೊಟ್ಟೆ ಎಂದೆ. ಒಣಗಿದ ಕಡ್ಡಿ ತೋರಿಸಿದೆ. ಕೊಂದದ್ದು ಸೊಪ್ಪಲ್ಲ, ಸೊಪ್ಪು ನಂಬಿಕೊಂಡು ಕಳೆದ ದಿನಗಳು ಎಂದರು. ಮೊದಲ ವಾರ ತಂದಿದ್ದರೆ ಏನಾದರೂ ಮಾಡಬಹುದಿತ್ತಂತೆ. ಭಾವ ಅಲ್ಲೇ ನಿಂತಿದ್ದರು. ನನಗೆ ಬೈಯಲಿಲ್ಲ. ಈಗ ಫೋನ್ ಮಾಡಿದರೆ ಎತ್ತುವುದಿಲ್ಲ.

ಟ್ರಂಕಿನಲ್ಲಿದ್ದ ಎರಡು ಕಾಗದ ಇದರ ಜೊತೆ ಇಟ್ಟಿದ್ದೇನೆ. ಹದಿಮೂರನೆಯ ತಾರೀಖಿನದನ್ನು ಅಂದೇ ಡಬ್ಬಕ್ಕೆ ಹಾಕಿದ್ದರೆ ಹದಿನೆಂಟಕ್ಕೆ ನಿನ್ನ ಕೈಯಲ್ಲಿರುತ್ತಿತ್ತು. ಲೆಕ್ಕ ಹಾಕಿ ನೋಡಿದ್ದೇನೆ.

ಪಾವನಾ


ಹಲಸಿನಕೊಪ್ಪಲು
19 ಜನವರಿ 2025

ಪಾವನಾಗೆ,

ಮೂರೂ ಕಾಗದ ಓದಿದೆ. ಎರಡು ತಿಂಗಳು ಬರೆಯಲಿಲ್ಲ. ಬರೆಯಲು ಕೂತರೆ ಬೈಗುಳ ಬಿಟ್ಟು ಬೇರೆ ಬರುತ್ತಿರಲಿಲ್ಲ.

ನಿನ್ನ ತಪ್ಪಿಲ್ಲ ಎಂದು ನಾನು ಬರೆಯುವುದಿಲ್ಲ. ತಪ್ಪು ನಿನ್ನದು. ಅವಳದೂ ಇತ್ತು. ನನ್ನದನ್ನು ನಾನು ದಿನಾ ನೋಡುತ್ತಿದ್ದೇನೆ. ಯಾವ ಸೊಪ್ಪು ಎಂಬುದನ್ನು ಮಗಳಿಂದ ಮುಚ್ಚಿಟ್ಟೆ. ಯಾರಿಗೆ ಕೊಡಬಾರದು ಎಂಬುದೂ ಅದರ ಜೊತೆಗೇ ಒಳಗೆ ಉಳಿದುಹೋಯಿತು.

ಮದ್ದು ನಿಲ್ಲಿಸಿದ್ದೇನೆ. ಜನ ಬರುತ್ತಾರೆ. ಜಗಲಿಯ ಮೇಲೆ ಕೂತು ಕೂತು ಎದ್ದು ಹೋಗುತ್ತಾರೆ. ಈ ಸಲ ಹಿತ್ತಿಲ ತುಂಬ ಆ ಗಿಡ ಎದ್ದಿದೆ. ಕೀಳುವವರಿಲ್ಲ.

ಯುಗಾದಿಗೆ ನೀನು ಬರಬೇಡ. ಯಾವಾಗ ಬರಬೇಕು ಎಂದು ನಾನೇ ಬರೆಯುತ್ತೇನೆ. ಬರೆಯದೆಯೂ ಇರಬಹುದು.

ಒಂದು ಮಾತ್ರ ತಿಳಿಸು. ಮೊದಲ ಉಂಡೆ ನೀನೇ ಕೊಟ್ಟೆಯಲ್ಲ. ಬಾಯಿಗೆ ಇಟ್ಟುಕೊಂಡಾಗ ಅವಳು ಏನೆಂದಳು? ಅಷ್ಟೇ ಬರಿ. ನನಗೆ ಹಿತವಾಗಲಿ ಎಂದು ಏನೂ ಸೇರಿಸಬೇಡ.

ನಾಗರತ್ನಮ್ಮ


ಬೆಸೆಂಟ್ ನಗರ, ಚೆನ್ನೈ
26 ಜನವರಿ 2025

ದೊಡ್ಡಮ್ಮಾ,

ನೀನು ಕೇಳಿದಷ್ಟೇ ಬರೆಯುತ್ತೇನೆ.

ಹಾಸಿಗೆಯ ಮೇಲೆ ಕೂತಿದ್ದಳು. ಎಲೆ ಬಿಚ್ಚಿ ಮೊದಲು ಮೂಸಿದಳು. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತು ನುಂಗಲಿಲ್ಲ, ನಾಲಿಗೆಯಲ್ಲೇ ಹುಡುಕುತ್ತಿದ್ದಳು. ಆಮೇಲೆ, "ಇದು ಮಿಕ್ಸೀದು ಕಣೇ. ನಾರು ಸಿಕ್ತದೆ. ಅವ್ವಂದು ಬೆಣ್ಣೆ ಥರ ಇರ್ತಿತ್ತು" ಎಂದಳು.

ಹಾಗಾದರೆ ಉಗಿದುಬಿಡು ಎಂದೆ.

ಉಗಿಯಲಿಲ್ಲ. ನಾರನ್ನೂ ಅಗಿದು ನುಂಗಿದಳು. ಎಲೆಗೆ ಅಂಟಿಕೊಂಡದ್ದನ್ನು ಬೆರಳಿನಿಂದ ಬಳಿದು ನೆಕ್ಕಿದಳು.

ಪಾವನಾ